ಸೋಮಾರಿಯ ಹುಡುಕಾಟದಲ್ಲಿ ನಾನೂರು ವರ್ಷ

"ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು." 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ಈ ಮಾತು ಕಿವಿಗೆ ಬೀಳುತ್ತಲೇ ಇದೆ. ಅಡಿಕೆ ಮಂಡಿಯಲ್ಲಿ ಕೇಳಿದ್ದೇನೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಓದಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಂತೂ, ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತಾ ಇದನ್ನು ಹೇಳುವವರು ಒಬ್ಬರಾದರೂ ಇರುತ್ತಾರೆ. "ತೋಟಕ್ಕೆ ಆಳು ಸಿಗಲ್ಲ ಮಾರಾಯ್ರೆ. ಮನೇಲಿ ಅಕ್ಕಿ ಇದೆ, ಯಾಕೆ ಬರ್ತಾರೆ?"

ಆಳಿನ ಕಷ್ಟ ಸುಳ್ಳಲ್ಲ. ತೋಟ ಇಟ್ಟುಕೊಂಡವರಿಗೆ ಅದರ ಬಿಸಿ ಗೊತ್ತು. ನನಗೆ ಕುತೂಹಲ ಇರುವುದು ಆ ಮಾತಿನ ಇನ್ನೊಂದು ತುದಿಯ ಬಗ್ಗೆ. ಕೊಟ್ಟರೆ ಕೆಡುತ್ತಾರೆ ಅನ್ನುವ ನಂಬಿಕೆ ಇದೆಯಲ್ಲ, ಅದು ಅನ್ನಭಾಗ್ಯಕ್ಕಿಂತ ಕನಿಷ್ಠ ನಾನೂರು ವರ್ಷ ಹಳೆಯದು. ಇಂಗ್ಲೆಂಡಿನ ಬಡವರ ಕಾನೂನುಗಳ ಚರಿತ್ರೆ ಓದುತ್ತಾ ಹೋದರೆ, ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ತಾವೇ ಮೊದಲು ಕಂಡುಹಿಡಿದವರ ಹಾಗೆ ಇದನ್ನು ಹೇಳುತ್ತಾರೆ. ಹೇಳಿ ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ಸೋಮಾರಿಯನ್ನು ಹಿಡಿಯೋಕೆ ಅಂತ ಒಂದು ಪರೀಕ್ಷೆ ಇಡುತ್ತಾರೆ. ಆ ಪರೀಕ್ಷೆಯಲ್ಲಿ ಸಿಕ್ಕಿ ಒದ್ದಾಡುವವರು ಯಾವಾಗಲೂ ಬೇರೆ ಯಾರೋ.

1601ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕೊನೆಗಾಲದಲ್ಲಿ, ಅಲ್ಲಿ ಒಂದು ಕಾನೂನು ಬಂತು. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ಸರಹದ್ದಿನ ಊರು, ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕೆ ಆಸ್ತಿ ಇದ್ದವರ ಮೇಲೆ ತೆರಿಗೆ. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೆ ಬಡವರನ್ನು ಮೂರು ಪಾಲು ಮಾಡಿದರು. ಕೈಲಾಗದವರಿಗೆ ಸಹಾಯ, ಕೈಲಾಗುವವರಿಗೆ ಕೆಲಸ, ಕೆಲಸ ಒಲ್ಲೆ ಅನ್ನುವವರಿಗೆ ಶಿಕ್ಷೆ. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಆದರೆ ಬಾಗಿಲಲ್ಲಿ ಬಂದು ನಿಂತ ಮನುಷ್ಯ ಈ ಮೂರರಲ್ಲಿ ಯಾರು, ಅದನ್ನು ಹೇಳುವವರು ಯಾರು? ಮುಂದಿನ ಜಗಳವೆಲ್ಲಾ ಇದರದ್ದೇ.

1697ರಲ್ಲಿ ಒಂದು ಉಪಾಯ ಮಾಡಿದರು. ಪ್ಯಾರಿಷ್‌ನಿಂದ ಸಹಾಯ ಪಡೆಯುವವರು ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಕತ್ತರಿಸಿದ 'ಪಿ' ಅಕ್ಷರ ಹೊಲಿದುಕೊಳ್ಳಬೇಕು. ಪಕ್ಕದಲ್ಲಿ ಊರಿನ ಹೆಸರಿನ ಮೊದಲ ಅಕ್ಷರ. ಹೆಂಡತಿಗೂ, ಮಕ್ಕಳಿಗೂ ಇದೇ. ಹಾಕಿಕೊಳ್ಳದಿದ್ದರೆ ಸಹಾಯ ಕಟ್. ನಾಚಿಕೆ ಆದರೆ ನಿಜವಾಗಿ ಬೇಕಾದವರು ಮಾತ್ರ ಬರುತ್ತಾರೆ ಅನ್ನುವುದು ಲೆಕ್ಕ. ಈ ಲೆಕ್ಕ ಎಷ್ಟು ಗಟ್ಟಿ ನೋಡಿ, ಬಿಪಿಎಲ್ ಮನೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು ಅನ್ನುವವರು ಇವತ್ತೂ ಇದ್ದಾರೆ.

ಇನ್ನೊಂದು ನೂರು ವರ್ಷ ದಾಟಿದರೆ ನನಗೆ ಬಹಳ ಇಷ್ಟವಾದ ಜಾಗ ಬರುತ್ತದೆ. ಬರ್ಕ್‌ಷೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನುವ ಊರು, ಪೆಲಿಕನ್ ಅನ್ನುವ ಹೆದ್ದಾರಿ ಹೋಟೆಲು, 1795ರ ಮೇ 6. ಹಿಂದಿನ ವರ್ಷ ಬೆಳೆ ಕೈಕೊಟ್ಟಿತ್ತು. ಫ್ರಾನ್ಸ್ ಜೊತೆ ಯುದ್ಧ ನಡೆದಿತ್ತು. ಬ್ರೆಡ್ ಬೆಲೆ ಮುಗಿಲಿಗೇರಿತ್ತು. ಜಿಲ್ಲೆಯ ಮ್ಯಾಜಿಸ್ಟ್ರೇಟರು ಸೇರಿದ್ದು ಕೂಲಿ ದರ ನಿಗದಿ ಮಾಡಬೇಕೋ ಬೇಡವೋ ಅಂತ ಚರ್ಚಿಸಲು. ಕಾನೂನಿನಲ್ಲಿ ಅವರಿಗೆ ಆ ಅಧಿಕಾರ ಇತ್ತು. ಮಾಡಲಿಲ್ಲ. ಕೂಲಿ ಹೆಚ್ಚು ಕೊಡಿ ಅಂತ ಜಮೀನ್ದಾರರಿಗೆ ಒಂದು ಸಲಹೆ ಕೊಟ್ಟು, ಬೇರೆಯದೇ ಒಂದು ಪಟ್ಟಿ ತಯಾರಿಸಿದರು. ಹತ್ತಿರ ಹತ್ತಿರ 4 ಕೆ.ಜಿ. ತೂಗುವ ಬ್ರೆಡ್ಡಿಗೆ 1 ಶಿಲಿಂಗ್ ಆದಾಗ, ದುಡಿಯುವ ಬಡ ಗಂಡಸಿಗೆ ವಾರಕ್ಕೆ 3 ಶಿಲಿಂಗ್ ಸಿಗಬೇಕು. ಹೆಂಡತಿಗೆ ಮತ್ತು ಮನೆಯ ಪ್ರತಿಯೊಬ್ಬರಿಗೆ ತಲಾ ಒಂದೂವರೆ ಶಿಲಿಂಗ್. ಬ್ರೆಡ್ ಬೆಲೆ ಏರಿದರೆ ಈ ಮೊತ್ತವೂ ಏರಬೇಕು. ಕೂಲಿಯಿಂದ ಇಷ್ಟು ಹುಟ್ಟದಿದ್ದರೆ ಉಳಿದದ್ದು ಬಡವರ ತೆರಿಗೆಯಿಂದ.

ಒಂದು ಕಡೆ ಇದು ಕರುಣೆ. ಹಸಿದವನಿಗೆ ಹಣದ ಲೆಕ್ಕ ಹಾಕದೆ ಹೊಟ್ಟೆಯ ಲೆಕ್ಕ ಹಾಕಿದರು. ಇನ್ನೊಂದು ಕಡೆ ಇದು ಜಮೀನ್ದಾರನಿಗೂ ಅನುಕೂಲ. ನಾನು ಕೂಲಿ ಕಡಿಮೆ ಕೊಟ್ಟರೂ ಊರಿನ ತೆರಿಗೆ ತುಂಬಿಕೊಡುತ್ತದೆ, ಮತ್ಯಾಕೆ ಜಾಸ್ತಿ ಕೊಡಲಿ? ಈ ಪದ್ಧತಿ ದಕ್ಷಿಣ ಇಂಗ್ಲೆಂಡಿನ ಕೃಷಿ ಜಿಲ್ಲೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಹಬ್ಬಿತು. ಆಮೇಲೆ ಏನೇ ಕೆಟ್ಟರೂ ಇದನ್ನೇ ಬೈದರು. ತಮಾಷೆ ಅಂದರೆ ಬೈಗುಳ ಬಿದ್ದದ್ದು ಕೂಲಿ ಕೊಡದವನ ಮೇಲಲ್ಲ, ಬ್ರೆಡ್ ತಿಂದವನ ಮೇಲೆ.

ಬೈದವರಲ್ಲಿ ಮುಖ್ಯ ಹೆಸರು ಥಾಮಸ್ ಮಾಲ್ಥಸ್. ಜನಸಂಖ್ಯೆಯ ಬಗ್ಗೆ ಅವನ ಪ್ರಬಂಧ ಬಂದದ್ದು 1798ರಲ್ಲಿ. ಬಡವರಿಗೆ ಸಹಾಯ ಮಾಡಿದರೆ ಅವರು ಬೇಗ ಮದುವೆಯಾಗುತ್ತಾರೆ, ಮಕ್ಕಳು ಹೆಚ್ಚುತ್ತವೆ, ಅನ್ನ ಅಷ್ಟೇ ಇರುತ್ತದೆ, ಕೊನೆಗೆ ಬಡತನವೇ ಹೆಚ್ಚುತ್ತದೆ. ಇದು ಅವನ ವಾದ. ನಮಗೆ ಮುಖ್ಯವಾದದ್ದು ಅವನ ಕೆಲಸ. 1805ರಿಂದ 1834ರಲ್ಲಿ ಸಾಯುವವರೆಗೂ ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಮೇಷ್ಟ್ರು. ಹೈಲಿಬರಿಯ ಆ ಕಾಲೇಜಿನಲ್ಲಿ ಓದಿದ ಹುಡುಗರೇ ಹಡಗು ಹತ್ತಿ ಬಂದು ನಮ್ಮ ಜಿಲ್ಲೆಗಳ ಕಲೆಕ್ಟರುಗಳಾದರು. ಐರ್ಲೆಂಡಿನ ಆಲೂಗೆಡ್ಡೆ ಕ್ಷಾಮದ ಪರಿಹಾರ ನೋಡಿಕೊಂಡ, ಮುಂದೆ ಮದರಾಸಿನ ಗವರ್ನರ್ ಆದ ಚಾರ್ಲ್ಸ್ ಟ್ರೆವೆಲ್ಯನ್ ಅಲ್ಲಿಯವನು. ರಿಚರ್ಡ್ ಟೆಂಪಲ್ ಕೂಡ ಅಲ್ಲಿಯವನೇ, ಆದರೆ ಮಾಲ್ಥಸ್ ತೀರಿಕೊಂಡ ಮೇಲೆ ಸೇರಿದವನು. ಟೆಂಪಲ್ ಹೆಸರು ನೆನಪಿಟ್ಟುಕೊಳ್ಳಿ.

1832ರಲ್ಲಿ ಬಡವರ ಕಾನೂನನ್ನು ಪರಿಶೀಲಿಸಲು ಒಂದು ಆಯೋಗ ಕೂತಿತು. ನಸಾವ್ ಸೀನಿಯರ್, ಎಡ್ವಿನ್ ಚಾಡ್ವಿಕ್ ಅದರ ಕೈಕಾಲು. ಪ್ಯಾರಿಷ್‌ಗಳಿಗೆ ಪ್ರಶ್ನೆಪಟ್ಟಿ ಹೋಯಿತು, ರಾಶಿ ರಾಶಿ ಉತ್ತರ ಬಂತು. 1963–64ರಲ್ಲಿ ಮಾರ್ಕ್ ಬ್ಲಾಗ್ ಅನ್ನುವ ಅರ್ಥಶಾಸ್ತ್ರಜ್ಞ ಆ ಹಳೆಯ ಉತ್ತರಗಳನ್ನು ಬಿಡಿಸಿ ಕೂತು ನೋಡಿದರೆ, ಆಯೋಗ ಹೇಳಿದ್ದಕ್ಕೆ ಅವು ಆಧಾರ ಕೊಡುವುದಿಲ್ಲ. ಸಹಾಯ ಕೊಟ್ಟದ್ದರಿಂದ ಕೂಲಿ ಇಳಿದಿರಲಿಲ್ಲ. ಕೂಲಿ ಇಳಿದಿದ್ದಕ್ಕೆ, ಕೆಲಸ ಇಲ್ಲದ್ದಕ್ಕೆ ಸಹಾಯ ಕೊಡಬೇಕಾಗಿ ಬಂದಿತ್ತು. ಅಷ್ಟು ಹೊತ್ತಿಗೆ ಸುಮಾರು ನೂರಮೂವತ್ತು ವರ್ಷ ಕಳೆದಿತ್ತು ಅನ್ನಿ.

ಆಯೋಗ ತಂದ ತತ್ವ ಇಷ್ಟೇ. ಸಹಾಯ ಪಡೆಯುವವನ ಬದುಕು, ಸಹಾಯವಿಲ್ಲದೆ ದುಡಿಯುವ ಅತ್ಯಂತ ಬಡ ಕೂಲಿಯ ಬದುಕಿಗಿಂತ ಕೆಟ್ಟದಾಗಿರಬೇಕು. ಸ್ವಲ್ಪ ಯೋಚಿಸಿ. ಅತ್ಯಂತ ಬಡ ಕೂಲಿಗೇ ಅರೆಹೊಟ್ಟೆ. ಅದಕ್ಕಿಂತ ಕೆಟ್ಟ ಊಟ ಅಂದರೆ ಕೊಲ್ಲಬೇಕಾಗುತ್ತದೆ. ಹಾಗಾಗಿ ಊಟದ ಬದಲು ಮರ್ಯಾದೆಗೆ ಕೈ ಹಾಕಿದರು. 1834ರ ಕಾನೂನಿನ ಪ್ರಕಾರ ಕೈಕಾಲು ಗಟ್ಟಿ ಇರುವವನಿಗೆ ಸಹಾಯ ಬೇಕಿದ್ದರೆ ವರ್ಕ್‌ಹೌಸ್ ಸೇರಬೇಕು. ಅಲ್ಲಿ ಸಮವಸ್ತ್ರ, ಬಿಗಿ ವೇಳಾಪಟ್ಟಿ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಬಾಗಿಲು ತೆರೆದೇ ಇದೆ, ಬೇಕಾದರೆ ಬಾ, ಬೇಡದಿದ್ದರೆ ಹೋಗು. ಒಳಗೆ ಬರಲು ಒಪ್ಪಿದರೆ ನಿಜವಾದ ಬಡವ ಅಂತ ಸಾಬೀತಾಯಿತು.

ಹ್ಯಾಂಪ್‌ಷೈರ್‌ನ ಆಂಡೋವರ್ ವರ್ಕ್‌ಹೌಸಿನಲ್ಲಿ ಗಂಡಸರಿಗೆ ಕೊಟ್ಟ ಕೆಲಸ ಮೂಳೆ ಕುಟ್ಟುವುದು. ಗೊಬ್ಬರಕ್ಕೆ ಅಂತ ತರಿಸಿದ ಕುದುರೆ, ದನಗಳ ಮೂಳೆ. ಕೆಟ್ಟ ವಾಸನೆಯ ಕೋಣೆಯಲ್ಲಿ ನಿಂತು ಭಾರದ ಕಬ್ಬಿಣದ ಒನಕೆಯಿಂದ ಕುಟ್ಟಿ ಪುಡಿ ಮಾಡಬೇಕು. 1845ರಲ್ಲಿ ಹೊರಬಿದ್ದ ಸುದ್ದಿ ಏನೆಂದರೆ, ಆ ಮೂಳೆಗಳಿಗೆ ಅಂಟಿದ ಕೊಳೆತ ಮಾಂಸಕ್ಕೆ, ಒಳಗಿನ ನೆಣಕ್ಕೆ ಆ ಜನ ಕಿತ್ತಾಡುತ್ತಿದ್ದರು. ಹಸಿ ಮೂಳೆ ಬಂದರೆ ಬಚ್ಚಿಟ್ಟುಕೊಂಡು ಚೀಪುತ್ತಿದ್ದರು. ಪಾರ್ಲಿಮೆಂಟು ವಿಚಾರಣೆ ನಡೆಸಿತು. 1847ರಲ್ಲಿ ಬಡವರ ಕಾನೂನಿನ ಆಯೋಗವನ್ನೇ ತೆಗೆದು ಬೇರೆ ಮಂಡಳಿ ಮಾಡಿದರು. ವರ್ಕ್‌ಹೌಸ್ ಹಾಗೇ ಉಳಿಯಿತು. ಎಲ್ಲಾ ಕಡೆ ಇಷ್ಟು ಕ್ರೂರವಾಗಿತ್ತು ಅಂತ ಹೇಳಲಾರೆ. ಬಹುಪಾಲು ಬಡವರಿಗೆ ಕಾನೂನು ಬಂದ ಮೇಲೂ ಮನೆಯಲ್ಲೇ ಅಷ್ಟಿಷ್ಟು ಸಹಾಯ ಸಿಗುತ್ತಿತ್ತು. ಆದರೆ ಆ ಗೋಡೆಗಳ ಒಳಗೆ ವರ್ಷಗಟ್ಟಲೆ ಉಳಿದವರನ್ನು ನೋಡಿದರೆ ಮುದುಕರು, ಕಾಯಿಲೆಯವರು, ಅನಾಥ ಮಕ್ಕಳು, ಗಂಡ ಬಿಟ್ಟ ಹೆಂಗಸರೇ ಹೆಚ್ಚು. ಯಾವ ಗಟ್ಟಿಮುಟ್ಟಾದ ಸೋಮಾರಿಗೆ ಅಂತ ಅದನ್ನು ಕಟ್ಟಿದರೋ ಅವನು ಅಲ್ಲಿ ಅಪರೂಪ.

ಈಗ ಟೆಂಪಲ್. ಅವನ ಕಥೆಯಲ್ಲಿ ಆಗ ಮದರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯೂ ಇದೆ, ಮೈಸೂರೂ ಇದೆ.

1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಪರಿಹಾರದ ಹೊಣೆ ಅವನದ್ದೇ. ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ. ಹಸಿವಿನ ಸಾವು ಹತ್ತಿರ ಹತ್ತಿರ ಆಗಲೇ ಇಲ್ಲ. ಬ್ರಿಟಿಷರ ಕಾಲದ ಬರಗಳಲ್ಲಿ ಇಂಥದ್ದು ಅಪರೂಪ. ಅವನಿಗೆ ಸಿಕ್ಕಿದ ಬಹುಮಾನ ಬೈಗುಳ. ದುಂದು ಮಾಡಿದ, ಜನರನ್ನು ಹಾಳು ಮಾಡಿದ ಅಂದರು. ಮೂರು ವರ್ಷದ ಮೇಲೆ ದಕ್ಷಿಣದಲ್ಲಿ ಮಹಾಬರ ಬಿತ್ತು. ನಮ್ಮ ಹಿರಿಯರು ಧಾತು ಈಶ್ವರ ಬರ ಅಂದದ್ದು ಇದನ್ನೇ, ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಎಳೆದದ್ದಕ್ಕೆ. ವೈಸ್‌ರಾಯ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಅಂತ ಸಾರಿದ. ಅದೇ ತಿಂಗಳು ಖರ್ಚು ಕಡಿಮೆ ಮಾಡಲು ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ.

ಬಿಹಾರದ ಬೈಗುಳ ಅವನಿಗೆ ಚೆನ್ನಾಗಿ ನಾಟಿತ್ತು ಅಂತ ಕಾಣುತ್ತದೆ. ಬರದ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಸಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಚಿಲ್ಲರೆ ಕಾಸು. ಇಷ್ಟೇ. ಒಂದು ಪೌಂಡ್ ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ಟೆಂಪಲ್ ಕೂಲಿ ಅಂತಲೇ ಹೆಸರು. ಕೆಲಸದ ಜಾಗ ಊರಿನಿಂದ ಮೈಲಿಗಟ್ಟಲೆ ದೂರ ಇರಬೇಕು, ಹಸಿದವನು ಮನೆ ಬಿಟ್ಟು ಅಷ್ಟು ದೂರ ನಡೆದು ಬಂದರೆ ಮಾತ್ರ ಅವನ ಹಸಿವು ನಿಜ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಜಗಳಕ್ಕೇ ನಿಂತರು. ಗೆಯ್ಮೆ ಮಾಡುವ ದೇಹ ಇಷ್ಟರಲ್ಲಿ ಉಳಿಯುವುದಿಲ್ಲ ಅಂತ ಬರೆದರು. ಬಾಂಬೆ ಪ್ರಾಂತ್ಯದಲ್ಲಿ ಇನ್ನೊಂದು ನಡೆಯಿತು. ಹಸಿದ ಜನ ಆ ಕೂಲಿಗೆ ಕೆಲಸ ಮಾಡಲ್ಲ ಅಂತ ಕಾಮಗಾರಿ ಬಿಟ್ಟು ಎದ್ದು ಹೋದರು. ಪೂನಾ ಸಾರ್ವಜನಿಕ ಸಭೆ ಅನ್ನುವ ಸಂಘ ಅವರ ಪರ ನಿಂತಿತು. ಹೊಟ್ಟೆಗಿಲ್ಲದವರು ಮುಷ್ಕರ ಹೂಡಿದರು ಅನ್ನುವುದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸೋಮಾರಿಗಳು ಅಂತ ಅವರಿಗೂ ಹೆಸರು ಬಂದಿರಬೇಕು.

ಕಾರ್ನಿಷ್ ಜಗಳದ ಫಲವಾಗಿ ಕೆಲವು ತಿಂಗಳಲ್ಲಿ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಅಲ್ಲಿ 50 ಲಕ್ಷಕ್ಕೂ ಹೆಚ್ಚು ಜನ. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಊರುಗಳು ಖಾಲಿಯಾದವು. ನಾವು ಇವತ್ತು ಸಲೀಸಾಗಿ ಓಡಾಡುವ ಬೆಂಗಳೂರು–ಮೈಸೂರು ರೈಲು ಹಳಿಯ ಕೆಲಸ ಶುರುವಾದದ್ದೂ ಆ ಬರದ ದಿನಗಳಲ್ಲೇ.

ಬರ ಮುಗಿದ ಮೇಲೆ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಲ್ಲೊಂದು ಮಾತಿದೆ. ಬರದಲ್ಲಿ ಪರಿಹಾರ ಕೇಳುವುದು ಬಡವರ ಹಕ್ಕು ಅಂತ ಒಪ್ಪಿಕೊಂಡರೆ, ನಾಳೆ ಎಲ್ಲಾ ಕಾಲದಲ್ಲೂ ಅದು ಹಕ್ಕು ಅನ್ನುತ್ತಾರೆ, ಅದನ್ನು ನೆನೆದರೇ ಭಯ ಅನ್ನುವ ಅರ್ಥದ್ದು. ಭಯ ಬರದ ಬಗ್ಗೆ ಅಲ್ಲ ಸ್ವಾಮಿ, ಹಕ್ಕಿನ ಬಗ್ಗೆ.

ಇತ್ತ ಇಂಗ್ಲೆಂಡಿನಲ್ಲಿ ಕೆಲವರು ಬೈಯುವುದು ಬಿಟ್ಟು ಎಣಿಸಲು ಶುರು ಮಾಡಿದರು. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಬೀದಿ ಬೀದಿಗೆ ಬಣ್ಣ ಹಚ್ಚಿ ನಕ್ಷೆ ಮಾಡಿದ. ಸುಮಾರು ಶೇ. 30 ಜನ ಬಡತನದಲ್ಲಿದ್ದರು. ಯಾರ್ಕ್ ಊರಿನಲ್ಲಿ ಚಾಕೊಲೇಟ್ ಕಾರ್ಖಾನೆಯ ಮನೆತನದ ಸೀಬಮ್ ರೌನ್‌ಟ್ರೀ 1899ರಲ್ಲಿ ಮನೆ ಮನೆ ಲೆಕ್ಕ ತೆಗೆಸಿದ. ಅಲ್ಲಿ ಶೇ. 28ರ ಹತ್ತಿರ. ಇದರಲ್ಲಿ ಬರೀ ಬದುಕಿ ಉಳಿಯಲು ಬೇಕಾದ ಹಣವೂ ಇಲ್ಲದವರನ್ನು ಬೇರೆ ಎಣಿಸಿದ. ಅವನ ಅಳತೆ ಎಷ್ಟು ಬಿಗಿ ಅಂದರೆ, ಆ ಸಂಸಾರ ಬಸ್ಸಿಗೆ ಒಂದು ಪೆನ್ನಿ ಕೊಡಬಾರದು, ಪೇಪರ್ ಕೊಳ್ಳಬಾರದು, ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆಯಬಾರದು, ಯಾಕೆಂದರೆ ಅಂಚೆಗೆ ಕಾಸಿಲ್ಲ. ಇಂಥ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಬಡತನಕ್ಕೆ ಕಾರಣ ಕುಡಿತವೂ ಅಲ್ಲ, ಸೋಮಾರಿತನವೂ ಅಲ್ಲ. ಮನೆಯ ಯಜಮಾನ ದಿನಾ ಕೆಲಸಕ್ಕೆ ಹೋಗುತ್ತಿದ್ದ. ಸಂಬಳ ಸಾಲುತ್ತಿರಲಿಲ್ಲ. ಪೆಲಿಕನ್ ಹೋಟೆಲಿನಲ್ಲಿ ಮ್ಯಾಜಿಸ್ಟ್ರೇಟರು ಮುಟ್ಟದೆ ಬಿಟ್ಟ ವಿಷಯ ನೂರು ವರ್ಷದ ಮೇಲೂ ಅಲ್ಲೇ ಕೂತಿತ್ತು.

ಲೆಕ್ಕ ಸಿಕ್ಕಿದರೂ ಅನುಮಾನ ಹೋಗಲಿಲ್ಲ. 1908ರಲ್ಲಿ 70 ದಾಟಿದವರಿಗೆ ವಾರಕ್ಕೆ 5 ಶಿಲಿಂಗ್ ಪಿಂಚಣಿ ತಂದಾಗಲೂ, ಜೀವನದಲ್ಲಿ ಶಕ್ತಿ ಇದ್ದೂ ದುಡಿಯದೆ ಕಾಲ ಕಳೆದವರಿಗೆ ಇಲ್ಲ ಅಂತ ಒಂದು ಷರತ್ತು ಸೇರಿಸಿದ್ದರು. ಎಪ್ಪತ್ತರ ಮುದುಕಿಯ ಯೌವನವನ್ನು ತನಿಖೆ ಮಾಡುವುದು ಹೇಗೆ? 1919ರಲ್ಲಿ ಅದನ್ನು ಕೈಬಿಟ್ಟರು. ಬೂತ್‌ನಂಥ ಮೃದು ಮನಸ್ಸಿನವನೂ, ಬಡವರಲ್ಲೇ ತೀರಾ ತಳದ ಒಂದು ಗುಂಪನ್ನು ಊರಿಂದ ಹೊರಗೆ ದುಡಿಮೆಯ ಕಾಲೋನಿಗಳಿಗೆ ಸಾಗಿಸಿದರೆ ಉಳಿದವರು ಉದ್ಧಾರವಾಗುತ್ತಾರೆ ಅಂತ ಬರೆದ. ಅಂದರೆ ಕೆಲವರನ್ನು ತಿದ್ದಲು ಆಗುವುದಿಲ್ಲ, ಬೇರ್ಪಡಿಸಬೇಕು ಅಷ್ಟೇ.

ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು. ನಮ್ಮಲ್ಲಿ ಕಾನೂನೇ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಬರೆದಿಟ್ಟಿತು. 1911ರಲ್ಲಿ ತಿದ್ದಿದಾಗ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರವೂ ಬಂತು. ಹುಬ್ಬಳ್ಳಿಗೆ ಹೋದರೆ ಸೆಟ್ಲಮೆಂಟ್ ಅಂತ ಈಗಲೂ ಒಂದು ಪ್ರದೇಶ ಇದೆ. ಆಟೋದವರಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾರೆ. ಅಂಥ ಜನರನ್ನು ತಂದು ಕೂಡಿಹಾಕಿ, ಹಾಜರಿ ತೆಗೆದುಕೊಂಡು, 'ದುಡಿಮೆ ಕಲಿಸಿದ' ಜಾಗ ಅದು. ಕಾಯ್ದೆ ರದ್ದಾದದ್ದು 1952ರಲ್ಲಿ.

ಅಮೆರಿಕದ ಕಥೆ ನಿಮಗೆ ಹೆಚ್ಚು ಗೊತ್ತಿರುತ್ತದೆ, ಬೇಗ ಮುಗಿಸುತ್ತೇನೆ. 1960ರ ದಶಕದಲ್ಲಿ ಬಡತನಕ್ಕೆ ಅದರದ್ದೇ ಒಂದು ಸಂಸ್ಕೃತಿ ಇದೆ, ಅದು ತಂದೆಯಿಂದ ಮಗನಿಗೆ ಬರುತ್ತದೆ ಅನ್ನುವ ಮಾತು ಹಬ್ಬಿತು. 1976ರ ಚುನಾವಣೆಯಲ್ಲಿ, ಮುಂದೆ ಅಧ್ಯಕ್ಷರಾದ ರೇಗನ್, ಸರ್ಕಾರದ ದುಡ್ಡಲ್ಲಿ ಮೆರೆಯುವ ಶಿಕಾಗೋದ ಹೆಂಗಸೊಬ್ಬಳ ಕಥೆ ಹೇಳಿಕೊಂಡು ತಿರುಗಿದರು. 1984ರಲ್ಲಿ ಚಾರ್ಲ್ಸ್ ಮರ್ರಿ ಅನ್ನುವ ಲೇಖಕರು ಸಹಾಯವೇ ರೋಗ ಅಂದರು. ಮೂರು ವರ್ಷದ ಮೇಲೆ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್, ಶಿಕಾಗೋದ ಆ ಕೇರಿಗಳಿಂದ ಕಾರ್ಖಾನೆಗಳು ಎದ್ದು ಹೋದದ್ದನ್ನು ಮೊದಲು ನೋಡಿ ಅಂದರು. ಗೆದ್ದದ್ದು ಮರ್ರಿ. 1996ರ ಕಾನೂನು ಸಹಾಯಕ್ಕೆ ಐದು ವರ್ಷದ ಮಿತಿ ಹಾಕಿತು, ದುಡಿಮೆಯ ಷರತ್ತು ಹಾಕಿತು.

ಸೋಮಾರಿಗಳಾಗುತ್ತಾರೋ ಇಲ್ಲವೋ ಅಂತ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2017ರಲ್ಲಿ ಆರು ಬಡ ದೇಶಗಳ ಏಳು ಹಣ ಹಂಚಿಕೆ ಯೋಜನೆಗಳ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ಹಣ ಸಿಕ್ಕವರು ದುಡಿಮೆ ಕಡಿಮೆ ಮಾಡಿದರು ಅನ್ನಲು ಪುರಾವೆ ಸಿಗಲಿಲ್ಲ. ತೋಟಕ್ಕೆ ಬರದ ಆಳು ಎಲ್ಲಿಗೋ ಹೋಗಿದ್ದಾನೆ, ನಿಜ. ಗಾರೆ ಕೆಲಸಕ್ಕೆ ಹೋಗಿರಬಹುದು, ಬೆಂಗಳೂರಿಗೆ ಹೋಗಿರಬಹುದು. ಮನೆಯಲ್ಲಿ ಅಕ್ಕಿ ಇದ್ದಾಗ ಕಡಿಮೆ ಕೂಲಿಗೆ 'ಆಗಲ್ಲ' ಅನ್ನುವ ಧೈರ್ಯ ಬರುತ್ತದೆ. ಅದು ತೋಟದವರಿಗೆ ಕಷ್ಟ ಅಂತ ಒಪ್ಪುತ್ತೇನೆ. ಅದನ್ನು ಸೋಮಾರಿತನ ಅನ್ನುವುದನ್ನು ಒಪ್ಪಲಾರೆ.

ಇಲ್ಲಿ 'ಕಾಯಕವೇ ಕೈಲಾಸ' ಅಂತ ಯಾರಾದರೂ ಎತ್ತುತ್ತಾರೆ. ಎತ್ತಲಿ, ಒಳ್ಳೆಯ ಮಾತು. ಆದರೆ ಅದರ ಜೋಡಿ ದಾಸೋಹವನ್ನು ಯಾಕೆ ಬಿಟ್ಟುಬಿಡುತ್ತಾರೋ ಕಾಣೆ. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ವಾಪಸ್ ಕಳಿಸಿದ್ದು ಗಂಡನನ್ನು. ಪಕ್ಕದ ಮನೆಯವರ ಮಡಕೆ ಇಣುಕಲಿಲ್ಲ.

2005ರ ಉದ್ಯೋಗ ಖಾತ್ರಿ ಕಾನೂನು, ಕ್ಷಾಮ ಆಯೋಗ ಹೆದರಿದ್ದನ್ನೇ ಮಾಡಿತು. ಕೆಲಸ ಕೇಳುವುದನ್ನು ಹಕ್ಕು ಮಾಡಿತು. ಆದರೂ ಬಿಸಿಲಲ್ಲಿ ಮಣ್ಣು ಹೊರುವ ಪರೀಕ್ಷೆ ಉಳಿಯಿತು. 2023ರಲ್ಲಿ ದಿನಕ್ಕೆರಡು ಸಲ ಆ್ಯಪಿನಲ್ಲಿ ಫೋಟೊ ಬೇರೆ ಕಡ್ಡಾಯವಾಯಿತು. ಕೆರೆ ಹೂಳೆತ್ತುವ ಜಾಗದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಕೂಲಿಯವರ ಮುಂದಾಳು ಮೇಟಿ ಮೊಬೈಲ್ ಎತ್ತಿ ಹಿಡಿದು ಏರಿ ಹತ್ತಬೇಕಿತ್ತು. ಇನ್ನು ರೇಷನ್ ಅಕ್ಕಿಗೆ ಸೊಸೈಟಿಯಲ್ಲಿ ಥಂಬ್ ಕೊಡಬೇಕು. ಜೀವನವಿಡೀ ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಮಷೀನು ಒಪ್ಪುವುದಿಲ್ಲ. ಜಾಸ್ತಿ ದುಡಿದವರೇ ಇಲ್ಲಿ ಫೇಲ್.

ಹಾಗಂತ ಪರೀಕ್ಷೆಯೇ ಬೇಡವೇ? ಖಜಾನೆಯ ದುಡ್ಡಿಗೆ ಮಿತಿ ಇದೆ, ಎಲ್ಲರಿಗೂ ಎಲ್ಲವನ್ನೂ ಕೊಡಲು ಆಗದು. ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಎರಡು ಬೇರೆ ಬೇರೆ ಉತ್ತರ ಇವೆ. 2023ರ ಶಕ್ತಿ ಯೋಜನೆಯಲ್ಲಿ ಬಡತನದ ಪರೀಕ್ಷೆಯೇ ಇಲ್ಲ. ರಾಜ್ಯದ ಹೆಂಗಸು ಅಂತ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್. ಉಳ್ಳವರ ಮನೆಯ ಹೆಂಗಸರೂ ಹತ್ತುತ್ತಾರೆ ಅನ್ನುವ ದೂರು ಇದೆ. ಹತ್ತಲಿ ಬಿಡಿ, ಕೆಂಪು ಬಸ್ಸಿನ ನೂಕುನುಗ್ಗಲಿನಲ್ಲಿ ಎಷ್ಟು ದಿನ ಹತ್ತುತ್ತಾರೆ? ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2000 ರೂಪಾಯಿ. ಅಲ್ಲಿ ಜರಡಿ ಇದೆ, ಆದರೆ ಮೇಲಿನಿಂದ. ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಇಲ್ಲ. ಇದರಲ್ಲೂ ತಪ್ಪುಗಳಾಗುತ್ತವೆ, ಕಂತು ತಡವಾಗುತ್ತದೆ. ಆದರೆ ನಾನು ಬಡವಿ ಅಂತ ಯಾರ ಮುಂದೆಯೂ ನಿಂತು ಸಾಬೀತು ಮಾಡಬೇಕಿಲ್ಲ. ಉಳ್ಳವರನ್ನು ಹುಡುಕಿ ಹೊರಗಿಡುವ ಕೆಲಸ ಸರ್ಕಾರದ್ದು, ಅದಕ್ಕೆ ಬೇಕಾದ ಪಟ್ಟಿ ತೆರಿಗೆ ಇಲಾಖೆಯಲ್ಲಿ ಮೊದಲೇ ಇದೆ.